ಅಮ್ಮ ಪ್ರಜೆಯಾದ ಮೇಲೆ

ನಮ್ಮಮ್ಮ ಭಾರತದ ಪ್ರಜೆಯಲ್ಲ ಅನ್ನುವುದು ನಮಗೆ ಹೊಳೆದದ್ದು ಗ್ರಾಮ ಪಂಚಾಯಿತಿ ಚುನಾವಣೆಗೆ ಅವಳನ್ನು ನಿಲ್ಲಿಸಬೇಕೆಂದು ಊರವರು ಬಂದು ಕೂತಾಗ. ಅಲ್ಲಿಯವರೆಗೆ ಆ ವಿಷಯ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಮದುವೆಗೆ ಮುಂಚೆ, ಲಾರಿಯ ಜೊತೆ ಉತ್ತರಕ್ಕೆ ಹೋಗಿ ಸರಕು ಒಪ್ಪಿಸಿ ಬರುವುದೂ ಅವರ ಪಾಲಿಗಿತ್ತು. ಹಾಗೆ ಹೋದ ಒಂದು ಸಲ ಕಾಮಾಲೆ ಹಿಡಿದು, ನೇಪಾಳದ ಗಡಿಗೆ ಅಂಟಿಕೊಂಡ, ಆಚೆ ಬದಿಯ ಪೇಟೆಯಲ್ಲಿ ಮಿಠಾಯಿ ಅಂಗಡಿಯವರೊಬ್ಬರ ಮನೆಯಲ್ಲಿ ಮಲಗಿಬಿಟ್ಟರು. ಎದ್ದು ಓಡಾಡುವಷ್ಟಾದ ಮೇಲೆ ಆ ಮನೆಯ ಮಗಳನ್ನು ಮದುವೆಯಾಗಿ ಕರೆತಂದರು. ಹೊನ್ನವಳ್ಳಿಗೆ ಹತ್ತಿರದ ನಮ್ಮೂರಿನಲ್ಲಿ ಸೊಸೆ ಎಲ್ಲಿಯವಳು ಎಂದು ಕೇಳಿದವರಿಗೆಲ್ಲ ಅಜ್ಜ "ಕಾಶಿ ಕಡೆಯೋಳು" ಅಂದರು. ಕಾಶಿಯಿಂದಾಚೆಗೂ ಊರುಗಳಿವೆ, ಅಲ್ಲಿ ಇನ್ನೊಂದು ದೇಶವೂ ಇದೆ ಅನ್ನುವುದು ನಮ್ಮೂರಿಗೆ ಬೇಕಾಗಿರಲಿಲ್ಲ. ಕಾಶಿಯಿಂದ ಬಂದ ಸೊಸೆ ಅಂದಮೇಲೆ ಜಾತಿ ಕೇಳುವುದಕ್ಕೂ ಕೆಲವರಿಗೆ ಸಂಕೋಚವಾಯಿತಂತೆ.

ನಾನು ಹುಟ್ಟುವ ಹೊತ್ತಿಗೆ ಅಮ್ಮನಿಗೆ ಕನ್ನಡ ಬಂದಿತ್ತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಜಗಳವಾಡುವಷ್ಟು ಬಂದಿತ್ತು. ಕೈಪಂಪು ಕೆಟ್ಟು ಬೇಸಿಗೆ ಪೂರ್ತಿ ಹಾಗೇ ನಿಂತಾಗ ಎಂಜಿನಿಯರನ್ನು ರಸ್ತೆಯಲ್ಲೇ ತಡೆದು, ಪಂಪು ರಿಪೇರಿಯಾಗುವ ತನಕ ಜೀಪು ಬಿಡದವಳು ಅವಳೇ. ಹೀಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಯ ಸೀಟು ಮಹಿಳೆಗೆ ಮೀಸಲಾದಾಗ ಎಲ್ಲರಿಗೂ ಅವಳ ನೆನಪೇ ಬಂತು.

"ನಾನು ಈ ದೇಶದೋಳಲ್ಲವಲ್ಲ," ಅಂದಳು ಅಮ್ಮ.

ಬಂದವರು ನಕ್ಕರು. "ಓಟಿನ ಕಾರ್ಡ್ ಐತಲ್ಲಮ್ಮ. ಹೋದ ಸಲ ಓಟು ಹಾಕಿದ್ರಲ್ಲ."

ನಿಜ. ಫೋಟೋ ಇರುವ ಗುರುತಿನ ಚೀಟಿ ಮಾಡಲು ಬಂದಾಗ ಶಾಲೆಯ ಮುಂದೆ ಸಾಲಿನಲ್ಲಿ ನಿಲ್ಲಿಸಿದ್ದರು, ಅವಳು ನಿಂತಿದ್ದಳು. ಕಾರ್ಡು ಕೊಟ್ಟಿದ್ದರು, ತೆಗೆದುಕೊಂಡಿದ್ದಳು. ಆದರೆ ನಾಮಪತ್ರದಲ್ಲಿ ಪ್ರಜೆ ಎಂದು ರುಜು ಹಾಕಬೇಕು ಎಂದು ಕೇಳಿದ ಮೇಲೆ ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಸುಳ್ಳು ಬರೆದು ನಿಲ್ಲಾಕಿಲ್ಲ. ಮೊದಲು ಪ್ರಜೆ ಆಯ್ತೀನಿ, ಆಮ್ಯಾಲೆ ನೋಡನ," ಅಂದಳು. ಬಂದವರು ಬೇರೆ ಮನೆಗೆ ಹೋದರು.

ಪ್ರಜೆಯಾಗುವುದು ಅವಳು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲನೆಯದಾಗಿ, ತಾನು ನೇಪಾಳದವಳೆಂದು ಅವಳು ಸಾಬೀತು ಮಾಡಬೇಕಿತ್ತು. ಅದಕ್ಕೆ ಅವಳ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಹೆಣ್ಣುಮಕ್ಕಳ ಹೆಸರಿನಲ್ಲಿ ಕಾಗದ ಮಾಡಿಸುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಸೋದರಮಾವ ಅಲ್ಲಿಯ ಕಚೇರಿ ಅಲೆದು, ಇವಳು ನಮ್ಮವಳೇ ಎಂದು ಬರೆಸಿ ಕಳಿಸಿದರು. ಅದನ್ನು ಕನ್ನಡಕ್ಕೆ ಮಾಡಿಸಲು ಯಾರೂ ಸಿಗದೆ, ಕೊನೆಗೆ ಅಮ್ಮನೇ ಓದಿ ಹೇಳಿದಳು, ನಾನು ಬರೆದೆ, ನೋಟರಿ ಮೊಹರು ಹಾಕಿದರು. ನಾನಾಗ ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಬಸ್ಸಿನಲ್ಲಿ ಹೋಗಿ ಬರುವವಳು ಅನ್ನುವ ಕಾರಣಕ್ಕೆ ಕಚೇರಿ ಕೆಲಸಗಳೆಲ್ಲ ನನ್ನ ಪಾಲಿಗೆ ಬಿದ್ದವು.

ಪೊಲೀಸಿನವರು ವಿಚಾರಣೆಗೆ ಬಂದರು, ಎಳನೀರು ಕುಡಿದು ಹೋದರು. ಅರ್ಜಿ ಬೆಂಗಳೂರಿಗೆ ಹೋಯಿತು, ದೆಹಲಿಗೆ ಹೋಯಿತು, ಏನೋ ಒಂದು ಸಹಿ ಬಿಟ್ಟುಹೋಗಿದೆಯೆಂದು ವಾಪಸು ಬಂತು, ಮತ್ತೆ ಹೋಯಿತು. ನಾನು ಡಿಗ್ರಿ ಮುಗಿಸಿದೆ. ಕೊನೆಗೊಂದು ದಿನ ಜಿಲ್ಲಾ ಕಚೇರಿಯಿಂದ ಪ್ರಮಾಣವಚನಕ್ಕೆ ಕರೆ ಬಂತು.

ಅಮ್ಮ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬೆಂಚಿನ ಮೇಲೆ ಕೂತಿದ್ದಳು. ಒಬ್ಬ ಅಧಿಕಾರಿ ಫೈಲು ಹಿಡಿದು ಬಂದು ಅತ್ತಿತ್ತ ನೋಡಿದರು. "ಎಲ್ರೀ, ಆ ವಿದೇಶಿ ಮಹಿಳೆ ಬಂದಿಲ್ವಾ?"

"ನಾನೇ ಕಣ್ರೀ," ಅಂದಳು ಅಮ್ಮ.

ಅವರು ಫೈಲು ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಫೈಲು ನೋಡಿದರು. ಅವರಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅಮ್ಮ ಸುಮ್ಮನಿದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲ ದಾಖಲೆಗಳನ್ನೂ ಸರಿ ಮಾಡಿಸಬೇಕೆಂದು ಅವಳ ಹಟ. "ಮೊದಲು ಇದ್ದದ್ದು ಹೆಂಗೋ ಇತ್ತು. ಈಗ ಸರಿಯಾಗಿರಲಿ," ಅಂದಳು. ನಾವಿಬ್ಬರೂ ತಾಲ್ಲೂಕು ಕಚೇರಿಗೆ ಹೋದೆವು.

ಚುನಾವಣೆ ವಿಭಾಗದ ಗುಮಾಸ್ತರು ವಯಸ್ಸಾದವರು, ಮೃದು ಮಾತಿನವರು. ಪ್ರಮಾಣಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಅಲ್ಲಮ್ಮ, ನೀವು ಪ್ರಜೆ ಆಗಿರೋದು ಹೋದ ತಿಂಗಳು. ಓಟಿನ ಕಾರ್ಡು ಅದಕ್ಕೂ ಎಷ್ಟೋ ವರ್ಷ ಹಿಂದಿನದು. ಹೆಂಗೆ?"

"ನೀವೇ ಕೊಟ್ಟಿದ್ದು. ನಾನೇನು ಕೇಳಿರಲಿಲ್ಲ."

"ನೀವು ಇದನ್ನ ತರದೇ ಇದ್ದಿದ್ರೆ ಏನೂ ಇರಲಿಲ್ಲ," ಅಂದರು ಅವರು, ನಿಜವಾದ ಮರುಕದಿಂದ. "ಈಗ ನಾನು ನೋಡಿಬಿಟ್ಟೆ. ಹಳೇ ಹೆಸರು ತೆಗೀಬೇಕು. ಆಮೇಲೆ ಹೊಸದಾಗಿ ಸೇರಿಸಬೇಕು."

ತೆಗೆಯುವ ಕೆಲಸ ಬೇಗನೆ ಆಯಿತು. ಸೇರಿಸುವುದಕ್ಕೆ ಮಾತ್ರ ವಾಸದ ದಾಖಲೆ ಬೇಕೆಂದರು. ರೇಷನ್ ಕಾರ್ಡು ತೋರಿಸಿದರೆ, ಅದೂ ವಿದೇಶಿಯಾಗಿದ್ದಾಗ ಮಾಡಿಸಿದ್ದು, ಮೊದಲು ಅದನ್ನು ಸರಿ ಮಾಡಿಸಿ ಎಂದರು. ರೇಷನ್ ಕಾರ್ಡಿನವರು ಪ್ರಮಾಣಪತ್ರ ನೋಡಿ ನಮ್ಮ ಕಾರ್ಡಿನಿಂದ ಒಬ್ಬರನ್ನು ಕಡಿಮೆ ಮಾಡಿದರು. ಮತ್ತೆ ಸೇರಿಸಲು ಓಟಿನ ಕಾರ್ಡು ತರಲು ಹೇಳಿದರು. ಭಾರತದ ಪ್ರಜೆಯಾದ ಮೊದಲ ವರ್ಷ ನಮ್ಮಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವಳ ಪಾಲಿನ ಸಕ್ಕರೆಯೂ ನಿಂತುಹೋಯಿತು. ಅಪ್ಪ ಅದನ್ನೇ ಹಿಡಿದು, ಕಾಫಿ ಕೊಟ್ಟಾಗಲೆಲ್ಲ "ಇದು ನನ್ನ ಪಾಲಿನ ಸಕ್ಕರೆ, ನೆನಪಿರಲಿ" ಎಂದು ರೇಗಿಸುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

ಇಷ್ಟೆಲ್ಲ ಓಡಾಟದಿಂದ ವಿಷಯ ಊರಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಅಜ್ಜಿ ಅಮ್ಮನಿಗೆ ಮುದ್ದೆ ತಿರುವುವುದನ್ನು ಕಲಿಸಿದವರು. ನಾನು ಹುಟ್ಟಿದಾಗ ಬಾಣಂತನ ಮಾಡಿದವರು. ಅವರು ಒಂದು ಮಧ್ಯಾಹ್ನ ಬಂದು ಜಗಲಿಯ ತುದಿಯಲ್ಲಿ ಕೂತರು.

"ನೇಪಾಳ ಅಂದ್ರೆ ಕಾಶಿ ಅಲ್ವೇನೇ?"

"ಕಾಶಿಯಿಂದ ಆಚೆ ಕಣಜ್ಜಿ."

"ನಂಗೆ ಹೇಳ್ಲೇ ಇಲ್ವಲ್ಲ ನೀನು."

"ನೀವು ಕೇಳ್ಲಿಲ್ಲವಲ್ಲ."

ಅಜ್ಜಿ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಕಿವಿ ಕೇಳಿಸದವರಿಗೆ ಹೇಳುವಂತೆ ಕೇಳಿದರು: "ನಿಮ್... ದೇಶದಲ್ಲಿ... ಉಪ್ಪಿನಕಾಯಿ... ಹಾಕ್ತಾರಾ?"

ಅಮ್ಮ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ಕೂತು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಗುತ್ತಿದ್ದಾಳೆ ಅಂದುಕೊಂಡಿದ್ದೆ. "ಕಾಗದ ಇಲ್ಲದಾಗ ಈ ಊರೋಳಾಗಿದ್ದೆ ಕಣೇ," ಅಂದಳು. ಅಷ್ಟರಲ್ಲಿ ಅಜ್ಜಿ ಆಚೆಯಿಂದ, ತಮ್ಮ ಮಾಮೂಲು ದನಿಯಲ್ಲಿ, ಮಜ್ಜಿಗೆ ಇದ್ದರೆ ಒಂದು ಲೋಟ ಕೊಡೆಂದು ಕೂಗಿದರು. ಅಮ್ಮ ಕೊಟ್ಟಳು. ನಾಲ್ಕು ದಿನದಲ್ಲಿ ಅಜ್ಜಿಯ ಕನ್ನಡ ಮೊದಲಿನ ವೇಗಕ್ಕೆ ಬಂತು.

ಮುಂದಿನ ವರ್ಷ ಮತದಾರರ ಪಟ್ಟಿ ಪರಿಷ್ಕರಿಸಲು ಶಾಲೆಯ ಮೇಷ್ಟ್ರು ಮನೆಮನೆಗೆ ಬಂದರು. ನನಗೆ ಅ ಆ ಕಲಿಸಿದವರು. ಜಗಲಿಯ ಮೇಲೆ ಕೂತು, "ಮನೇಲಿ ಯಾರ್ಯಾರಿದೀರಿ ಹೇಳಿ," ಅಂದರು. ಅಪ್ಪನ ಹೆಸರು, ನನ್ನ ಹೆಸರು ಆಯಿತು. ಅಮ್ಮ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು ಮುಂದೆ ಹಿಡಿದಳು. ಅದರ ಸಂಗತಿಯನ್ನು ಅಷ್ಟು ಹೊತ್ತಿಗೆ ಊರೆಲ್ಲ ಕೇಳಿತ್ತು, ಮೇಷ್ಟ್ರೂ ಕೇಳಿದ್ದರು. ಅವರು ಕೈ ಚಾಚಲಿಲ್ಲ.

"ಅದನ್ನ ಒಳಗಿಡಮ್ಮ."

"ಯಾಕೆ ಮೇಷ್ಟ್ರೇ? ಇದು ಅಸಲು."

"ಅಸಲು ಅಂತ ಗೊತ್ತು. ಅದನ್ನ ನಾನು ನೋಡಿದ್ರೆ ಮೇಲಕ್ಕೆ ಬರೀಬೇಕು, ಮೇಲಿನೋರು ಅಭಿಪ್ರಾಯ ಕೇಳ್ತಾರೆ, ನಾನು ರಿಟೈರಾಗ್ತೀನಿ. ಈ ಮನೇಲಿ ವಾಸ ಇದ್ದೀಯಾ?"

"ಇಪ್ಪತ್ತು ವರ್ಷದ ಮೇಲಾಯ್ತು."

"ಅಷ್ಟೇ ಬೇಕಿದ್ದಿದ್ದು."

ಅಮ್ಮ ಕವರು ಹಿಡಿದು ನಿಂತೇ ಇದ್ದಳು. ಅವಳಿಗೆ ಸಿಟ್ಟು ಬಂದಿತ್ತು. ಅಷ್ಟು ವರ್ಷ ಅಲೆದು ಪಡೆದ ಕಾಗದವನ್ನು, ಪಡೆದ ಉದ್ದೇಶಕ್ಕೇ ಬಚ್ಚಿಡಬೇಕೆಂದರೆ ಯಾರಿಗಾದರೂ ಬರುತ್ತದೆ. ಅಪ್ಪ ಏನೋ ಹೇಳಹೊರಟರು, ಅವಳು ಕಣ್ಣಿನಲ್ಲೇ ತಡೆದಳು. ಕೊನೆಗೆ, "ಬರ್ಕೊಳ್ಳಿ," ಅಂದು ಕವರನ್ನು ಟ್ರಂಕಿಗೆ ಹಾಕಿ ಬಂದಳು. ಮೇಷ್ಟ್ರು ಬರೆದುಕೊಂಡರು, ಕಾಫಿ ಕುಡಿದರು, ಪಕ್ಕದ ಮನೆಗೆ ಹೋದರು. ಪಟ್ಟಿಯಲ್ಲಿ ಹೆಸರು ಬಂತು. ಅದನ್ನು ನೋಡಿ ರೇಷನ್ ಕಾರ್ಡಿಗೂ ಸೇರಿಸಿದರು, ಸಕ್ಕರೆಯೂ ಬಂತು.

ಪಂಚಾಯಿತಿ ಚುನಾವಣೆ ಮತ್ತೆ ಬಂದಾಗ ಮೀಸಲಾತಿ ಬದಲಾಗಿ ನಮ್ಮ ಬೀದಿಯ ಸೀಟು ಬೇರೆಯವರ ಪಾಲಾಗಿತ್ತು. ಊರವರು ಅಮ್ಮನನ್ನು ಕೇಳಲು ಬರಲಿಲ್ಲ. ಅವಳು ಬೆಳಿಗ್ಗೆಯೇ ಹೋಗಿ ಓಟು ಹಾಕಿ ಬಂದಳು. ಯಾರಿಗೆ ಹಾಕಿದೆ ಎಂದು ಅಪ್ಪ ಕೇಳಿದ್ದಕ್ಕೆ, "ಅದು ಗುಟ್ಟಾಗಿರಬೇಕು ಅಂತ ಕಾನೂನು ಐತೆ," ಅಂದಳು.

ಅದಾದ ಸ್ವಲ್ಪ ದಿನಕ್ಕೆ ಸೋದರಮಾವನ ಮಗಳ ಮದುವೆ ಬಂತು. ಅಮ್ಮ, ನಾನು ರೈಲಿನಲ್ಲಿ ಹೊರಟೆವು. ಬೇರೆ ದೇಶಕ್ಕೆ ಹೋಗುತ್ತಿದ್ದೇವೆ, ಈಗ ತಾನು ಆ ದೇಶದವಳಲ್ಲ, ತೋರಿಸಬೇಕಾಗುತ್ತದೆ ಎಂದು ಅಮ್ಮ ಪ್ರಮಾಣಪತ್ರವನ್ನೂ ಓಟಿನ ಕಾರ್ಡನ್ನೂ ಕೈಚೀಲದಲ್ಲಿ ಮೇಲೆಯೇ ಇಟ್ಟುಕೊಂಡಿದ್ದಳು. ಗಡಿಯ ಹತ್ತಿರ ಸೈಕಲ್ ರಿಕ್ಷಾ ಹತ್ತಿದೆವು. ನಮ್ಮ ಹಿಂದೆ ಮುಂದೆ ತರಕಾರಿ ಗಾಡಿಗಳು, ಶಾಲೆಯ ಮಕ್ಕಳು, ಒಂದು ಎಮ್ಮೆ. ಎಲ್ಲರೂ ಹಾಗೇ ದಾಟುತ್ತಿದ್ದರು. ಅಮ್ಮ ರಿಕ್ಷಾ ನಿಲ್ಲಿಸಿ, ತಾನೇ ಇಳಿದು ಹೋಗಿ ಈ ಕಡೆಯ ಕಾವಲಿನವನ ಮುಂದೆ ಕಾಗದ ಹಿಡಿದಳು. ಅವನು ಅದನ್ನು ಬಿಡಿಸಿಯೂ ನೋಡಲಿಲ್ಲ. ಅವನ ಕಣ್ಣು ರಿಕ್ಷಾದಲ್ಲಿದ್ದ ಚೀಲದ ಮೇಲಿತ್ತು.

"ಅದರಲ್ಲಿ ಏನಿದೆ, ಮಾತಾಜಿ?" ಎಂದು ಹಿಂದಿಯಲ್ಲಿ ಕೇಳಿದ.

"ರಾಗಿ ಹಿಟ್ಟು," ಅಂದಳು ಅಮ್ಮ.

ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಬಂದು ಚೀಲವನ್ನು ಎತ್ತಿಕೊಂಡು ಹೋಗಿ, ಅದರ ಬಾಯಿ ಬಿಚ್ಚಿ ಒಂದು ಚಿಟಿಕೆ ಅವನ ಅಂಗೈ ಮೇಲೆ ಹಾಕಿದಳು. ನಮ್ಮ ಕಡೆ ಇದನ್ನು ಬಿಸಿನೀರಿಗೆ ಹಾಕಿ ಹೇಗೆ ತಿರುವುತ್ತಾರೆ, ಯಾವ ಸಾರಿಗೆ ಹೊಂದುತ್ತದೆ, ಯಾಕೆ ಅಗಿಯಬಾರದು ಎಂದು ತನ್ನ ಹಳೆಯ ಹಿಂದಿಯಲ್ಲಿ ವಿವರಿಸತೊಡಗಿದಳು. ಅವನು ಹಿಟ್ಟನ್ನು ಮೂಸಿ ನೋಡಿ, ತಲೆಯಾಡಿಸುತ್ತಾ ಕೇಳುತ್ತಿದ್ದ. ಬಿಸಿಲು ಏರಿತ್ತು, ರಿಕ್ಷಾದವನು ಗಂಟೆ ಹೊಡೆದ. ನಾನೇ ಇಳಿದು ಹೋಗಿ ಅವಳ ಕೈ ಹಿಡಿದು ಕರೆತರಬೇಕಾಯಿತು.