ನಿಯಾಂಡರ್ತಾಲರಿಗೆ ಓಗೊಟ್ಟವರು ಯಾರು

ಮೊಮ್ಮಕ್ಕಳೇ, ಎಳ್ಳಮಾವಾಸ್ಯೆಯ ದಿನ ಅಣ್ಣಿಗೇರಿ ಹಾದಿಯ ನಮ್ಮ ಹೊಲಕ್ಕೆ ಹೋಗಿದ್ದೆವು. ಬುತ್ತಿ ಇಳಿಸುವಾಗ ನಿಮ್ಮ ಅಕ್ಕ ಮೊಬೈಲಿನಲ್ಲಿ ಓದಿದ್ದನ್ನು ಹೇಳತೊಡಗಿದಳು. ಬಹಳ ಹಿಂದೆ ನಿಯಾಂಡರ್ತಾಲ್ ಎಂಬ ಬೇರೊಂದು ಬಗೆಯ ಮನುಷ್ಯರಿದ್ದರಂತೆ. ಊರ ಸಾಲೆಯಲ್ಲಿ ನಾನು ಓದಿದ ಪಾಠದಲ್ಲೂ ಅಂಥವರ ಚಿತ್ರವಿತ್ತು: ಬಾಗಿದ ಬೆನ್ನು, ಕೈಯಲ್ಲಿ ದೊಣ್ಣೆ.

“ಅವ್ರು ದಡ್ಡರಲ್ಲೇನ್?” ಎಂದೆ.

“ಹಂಗ ಅಂದವ್ರ ದಡ್ಡರಬೇ ಆಯಿ,” ಎಂದು ನಕ್ಕಳು. ಮರದ ತೊಗಟೆ ಸುಟ್ಟು ಅಂಟು ಮಾಡಿ, ಕಲ್ಲಿನ ಮೊನೆಯನ್ನು ಕೋಲಿಗೆ ಕೂಡಿಸುತ್ತಿದ್ದರಂತೆ. ಕೈ ಕಳೆದುಕೊಂಡವನನ್ನೂ ವರ್ಷಗಟ್ಟಲೆ ಸಾಕುತ್ತಿದ್ದರಂತೆ.

“ಅಷ್ಟ ಶಾಣ್ಯಾರಿದ್ದವ್ರು ಹೆಂಗ ಹೋದ್ರು?”

“ಇದ ಕಾರಣ ಅಂತ ಯಾರಿಗೂ ಗೊತ್ತಿಲ್ಲ. ಹವಾ ಬದಲಾತು, ನಮ್ಮಂಥವ್ರು ಬಂದ್ರು. ಒಂದಿಷ್ಟ ಮಂದಿ ನಮ್ಮವ್ರ ಜೋಡಿ ಕೂಡಿಕೊಂಡ್ರು. ಮೊದ್ಲ ಅವ್ರ ಮಂದಿ ಭಾಳ ಕಡಿಮಿ. ಇಲ್ಲೊಂದ್ ಗುಂಪು, ಎಲ್ಲೋ ದೂರ ಇನ್ನೊಂದು. ಒಬ್ರಿಗೊಬ್ರು ಸಿಗದಂಗ ಆದ್ರು.”

ಬುಟ್ಟಿ ಬಿಚ್ಚುತ್ತ ನಾನು ಅಂದುಕೊಂಡೆ: ಕೊನೆಗೆ ಉಳಿದವರು ಕೂಗಿರಬೇಕು. ಓ ಎನ್ನಲು ಯಾರಿದ್ದರು?

ನಿಮ್ಮ ಅಜ್ಜ ಇದ್ದಾಗ ಈ ಹಬ್ಬಕ್ಕೆ ಭೂಮಿತಾಯಿಗೆ ಚರಗ ಚೆಲ್ಲುವುದು ನಮ್ಮಿಬ್ಬರ ಕೆಲಸ. ಅವರು ಬೆಳೆಗೆ ಎಡೆ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಿ ಮುಂದೆ ನಡೆಯುವರು. ನಾನು ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಮರುಕೂಗು ಕೊಡಬೇಕು. ಮುಂದಿನವರು ಹಿಂತಿರುಗಿ ನೋಡಬಾರದೆಂಬುದು ನಮ್ಮ ಮನೆಯ ರೀತಿ. ಬಾಜು ಹೊಲದವರು ಕೇಳಿಸಿಕೊಂಡಾರೆಂದು ನನ್ನ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಅವರು ನಿಂತುಬಿಡುವರು. “ಹಿಂದ ಅದಿಯೇನ್, ಇಲ್ಲಾ ತವರಿಗೆ ಹೋದಿ?” ಎನ್ನುವರು. ನಾನು ಓಗೊಟ್ಟ ಮೇಲೆಯೇ ಮುಂದಿನ ಹೆಜ್ಜೆ.

ಅವರು ಹೋದ ಮೇಲೆ ತಂಬಿಗೆ ನಿಮ್ಮ ಅವ್ವನ ಕೈಗೆ ಹೋಯಿತು. ನಾನು ಬನ್ನಿಗಿಡದ ನೆರಳಲ್ಲಿ ಕುಳಿತು ಕೇಳುತ್ತಿದ್ದೆ. ಈ ಸಲ ನಿಮ್ಮ ಅವ್ವ ಬಾಣಂತಿ, ಮನೆಯಲ್ಲೇ ಉಳಿದಿದ್ದಳು. ಅಕ್ಕ ತಂಬಿಗೆಯನ್ನು ನನ್ನ ಮುಂದೆ ಹಿಡಿದಳು. “ನನಗ ಕೂಗಾಕ ಬರಂಗಿಲ್ಲ. ನೀನ ಬಾ.”

“ಗಂಡ ಹೋದಾಕಿ ನಾ, ಮುಟ್ಟಬಾರದವ್ವಾ.”

“ಯಾರಂದ್ರು? ಏಳಬೇ, ಅಪ್ಪ ಆಗ್ಲೇ ಹೊಂಟಾನ.”

ನಿಮ್ಮ ಅಪ್ಪ ಕೂಗಿದ. ಅವನದು ಬೇರೆಯೇ ದನಿ, ಅಜ್ಜನದಲ್ಲ. ಮರುಕೂಗು ಬಾರದ್ದಕ್ಕೆ ಅವನೂ ಜೋಳದ ಸಾಲಿನಲ್ಲಿ ನಿಂತ. ನಾನು ತಂಬಿಗೆ ತೆಗೆದುಕೊಂಡು ಅವನ ಹಿಂದೆ ಹೋಗಿ ಕೂಗಿದೆ. ಬಾಜು ಹೊಲದವರು ತಲೆಯೆತ್ತಿ ನೋಡಿದರು. ಮಗ ನಡೆದ. ಕೊನೆಯ ಬದುವಿನವರೆಗೂ ನಾನು ದನಿ ತಗ್ಗಿಸಲಿಲ್ಲ.

ಇಷ್ಟು ಜೋರಾಗಿ ನಿಮ್ಮ ಅಜ್ಜನಿಗೆ ಒಮ್ಮೆಯೂ ಓಗೊಟ್ಟಿರಲಿಲ್ಲ. ಅವರು ಕೇಳಬೇಕಿತ್ತು.