ಬಿಸಿ ಗಾಳಿ ನಿಂತಾಗ

ಮೇ ತಿಂಗಳ ಮಧ್ಯಾಹ್ನ. ಊರಿನಿಂದ ಮೈಸೂರಿಗೆ ಬಂದಿದ್ದ ನನ್ನನ್ನು ಸೋದರಮಾವ ತಮ್ಮ ಹಳೆಯ ಕಾರಿನಲ್ಲಿ ವಿಜಯನಗರದ ಒಂದು ನಿಶ್ಚಿತಾರ್ಥಕ್ಕೆ ಕರೆದುಕೊಂಡು ಹೊರಟಿದ್ದರು. ಮುಂದಿನ ಸೀಟಿನಲ್ಲಿ ಅತ್ತೆ. ಅವರ ಮಡಿಲಲ್ಲಿ ಮಾರುಕಟ್ಟೆಯಲ್ಲಿ ಕೊಂಡ ಮಲ್ಲಿಗೆ, ಬಾಳೆಲೆಯ ಪೊಟ್ಟಣದಲ್ಲಿ.

ಟ್ರಾಫಿಕ್ಕಿನಲ್ಲಿ ನಿಂತು ನಿಂತು ಇಂಜಿನ್ ಕಾಯತೊಡಗಿತು. ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋದದ್ದೇ ತಡ, ಮಾವ ಹೀಟರ್ ಹಾಕಿಬಿಟ್ಟರು. ಇಂಜಿನ್ನಿನ ಬಿಸಿಯೆಲ್ಲ ನಮ್ಮ ಮುಖಕ್ಕೆ ಬಡಿಯಿತು. ಮುಳ್ಳು ಇಳಿಯಿತು.

"ಹೂ ಬಾಡೋಗುತ್ತೆ ಕಣ್ರೀ, ನಾವೂ ಬಾಡೋಗ್ತೀವಿ," ಅತ್ತೆ ಗೊಣಗಿದರು.

"ಇಂಜಿನ್ ಉಳೀಬೇಕೋ ಬೇಡ್ವೋ?" ಎಂದರು ಮಾವ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅತ್ತೆ ಮಲ್ಲಿಗೆಯನ್ನು ಗಾಳಿಗೆ ಹಿಡಿದು, "ಅಬ್ಬಾ, ಈಗ ಸರಿಹೋಯ್ತು ನೋಡಿ," ಎಂದರು. ನಾನೂ ಕಾಲರ್ ಸಡಿಲಿಸಿ ಮುಂದಕ್ಕೆ ಬಾಗಿದೆ. ಮಾವ ಮಾತ್ರ ಬಿಳಿಚಿಕೊಂಡು, ಕಾರನ್ನು ಎಸ್‌ಟಿಡಿ ಬೂತೊಂದರ ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿದರು.

"ಎಲ್ಲಿ ಸರಿಹೋಯ್ತು? ಒಳಗೆ ನೀರು ಓಡಾಡ್ತಿದ್ರೆ ತಾನೇ ಹೀಟರು ಬಿಸಿ ಊದೋದು? ನೀರೇ ಖಾಲಿಯಾಗ್ಬುಟ್ಟಿದೆ ಕಣೇ."

ರೇಡಿಯೇಟರ್ ಆರುವವರೆಗೆ ಬೇವಿನ ಮರದ ನೆರಳಲ್ಲಿ ಕಾದೆವು. ಸಡಿಲವಾಗಿದ್ದ ಪೈಪನ್ನು ಬಿಗಿದು, ಬೂತಿನವರು ಕೊಟ್ಟ ನೀರು ತುಂಬಿಸಿ, ಮಾವ ಮತ್ತೆ ಕಾರು ಸ್ಟಾರ್ಟ್ ಮಾಡಿ ಹೀಟರ್ ಹಾಕಿದರು. ಅತ್ತೆ ಹೂವಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಗಾಳಿ ಬರುವ ಕಿಂಡಿಗೆ ಎರಡೂ ಅಂಗೈ ಒಡ್ಡಿ ಕೂತರು. ಬಿಸಿ ತಾಗಿದ್ದೇ ಮಂಗಳಾರತಿ ತೆಗೆದುಕೊಂಡವರಂತೆ ಅಂಗೈಗಳನ್ನು ಕಣ್ಣಿಗೊತ್ತಿಕೊಂಡರು.

"ಬಂತು ಕಣ್ರೀ, ಬಿಸಿ ಬಂತು. ಹೊರಡಿ."