ಬಿಳಿ ಕಡಸಿನ ಹಗ್ಗ

ಯುದ್ಧದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಲಿಯೂರಿನ ಗೌಡರೊಬ್ಬರ ಕರುಗಳನ್ನು ಸಾಕುತ್ತಿದ್ದೆವು. ಹಾಲು ಬಿಟ್ಟ ಕರುವನ್ನು ತಂದು, ಎರಡು ವರ್ಷ ಮೇಯಿಸಿ, ಅವರ ಹಟ್ಟಿಗೆ ಮುಟ್ಟಿಸಬೇಕು. ಸುಗ್ಗಿಯಲ್ಲಿ ಅವರು ರಾಗಿ ಕೊಡುತ್ತಿದ್ದರು. ಸಾಕುತ್ತಿದ್ದವಳು ನನ್ನ ಹೆಂಡತಿ. ನಾನು ಮಂಡ್ಯದಲ್ಲಿ ಹೈಸ್ಕೂಲು ಓದಿದವನು, ಸಗಣಿ ಮುಟ್ಟುತ್ತಿರಲಿಲ್ಲ.

ಕರುವನ್ನು ಒಪ್ಪಿಸುವಾಗ ಹಗ್ಗ ಕೊಡುವ ಪದ್ಧತಿಯಿಲ್ಲ. ಹಟ್ಟಿಯವರು ಹೊಸ ಹಗ್ಗ ಕಟ್ಟಿಕೊಳ್ಳುತ್ತಾರೆ, ಹಳೆಯದು ಸಾಕಿದ ಮನೆಗೇ ವಾಪಸು ಬರುತ್ತದೆ. ಬಿಳಿ ಕಡಸೊಂದು ಹೋದಾಗ ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ಸಂತೆಯ ದಿನ ಮಧ್ಯಾಹ್ನ ನೋಡಿದರೆ ಗೂಟದಲ್ಲಿ ಅದರ ಹಗ್ಗವಿಲ್ಲ. ಸಂಜೆಗೆ ಮತ್ತೆ ನೇತಾಡುತ್ತಿತ್ತು. ಮುಂದಿನ ಸಂತೆಗೂ ಹಾಗೇ ಆಯಿತು. ಮಡಕೆಯಲ್ಲಿ ಹುರುಳಿಯೂ ಇಳಿಯುತ್ತಿತ್ತು.

ಕಾಳಿಗೆ ಪರದಾಡುತ್ತಿದ್ದ ಕಾಲ. ತವರಿಗೆ ಸಾಗಿಸುತ್ತಿದ್ದಾಳೆ, ಹಗ್ಗ ಮೂಟೆ ಕಟ್ಟಲಿಕ್ಕೆ ಎಂದುಕೊಂಡೆ. ಕೇಳಲಿಲ್ಲ. ಹುರುಳಿಯ ಮೇಲೆ ಬೆರಳಿನಿಂದ ಗುರುತು ಮಾಡಿಟ್ಟೆ.

ಮೂರನೆಯ ಸಂತೆಗೆ ಹಿಂದೆಯೇ ನಡೆದೆ. ಅವಳು ಸಂತೆಯ ದಾರಿ ಬಿಟ್ಟು, ರೈಲು ಹಳಿಯ ಪಕ್ಕ ಹಿಡಿದು ಯಲಿಯೂರಿಗೆ ಹೋದಳು. ಗೌಡರ ಹಟ್ಟಿಯ ಹಿಂದೆ ಕಳ್ಳಿಬೇಲಿಯ ಸಂದಿನಲ್ಲಿ ಹಗ್ಗ ಚಾಚಿದಳು. ಕಡಸು ಬಂದು ಅದನ್ನು ನೆಕ್ಕಿತು. ಮಡಿಲಿನಿಂದ ಬೇಯಿಸಿದ ಹುರುಳಿ ತಿನ್ನಿಸಿ, "ಇನ್ನೊಂದ್ ಕಿತ ಬತ್ತೀನಿ, ಓಗು" ಎಂದಳು.

ಅಲ್ಲಿಗೆ ನನ್ನ ಅನುಮಾನ ತೀರಬೇಕಿತ್ತು. ತೀರಲಿಲ್ಲ. ಯಾರ ಮುಂದೆಲ್ಲ ಹೀಗೆ ನಿಂತಿದ್ದಾಳೋ, ಕದಿಯಲು ಬಂದಳೆಂದು ಯಾರು ಹೇಳುತ್ತಾರೋ ಎಂದು ಮನಸ್ಸು ಕುದಿಯಿತು. ಎರಡು ದಿನ ಬಿಟ್ಟು ಗೌಡರಿಗೆ ನಾನೇ ಹೇಳಿದೆ. ಅವರು ನಕ್ಕರು. "ಅಂಗಾದ್ರೆ ಅದು ಇಲ್ಲಿ ಒಗ್ಗಕಿಲ್ಲ ಕಣಪ್ಪ. ಮಳವಳ್ಳಿ ಕಡೆಯೋರು ಕೇಳ್ತಾವ್ರೆ, ಕೊಟ್ಬುಡ್ತೀನಿ." ಬೇಡ ಎನ್ನಬಹುದಿತ್ತು. ತಲೆಯಾಡಿಸಿದೆ.

ಮುಂದಿನ ಸಂತೆಯ ದಿನ ಅವಳು ಬೇಗನೆ ಬಂದಳು. ಮಡಿಲಲ್ಲಿ ಹುರುಳಿ ಹಾಗೇ ಇತ್ತು. ತಾನು ಹೋಗುತ್ತಿದ್ದುದನ್ನೆಲ್ಲ ಹೇಳಿಕೊಂಡಳು.

"ನಾನ್ ಓಗೋದ್ ಗೌಡ್ರಿಗೆ ಗೊತ್ತಾಗಿ ಕಡಸ್ನ ಮಳವಳ್ಳಿಯೋರ್ಗೆ ಕೊಟ್ಬುಟ್ಟವ್ರೆ. ಯಾರೋ ಚಾಡಿ ಏಳವ್ರೆ. ಪಕ್ಕದ್ಮನೆ ಅಜ್ಜಿನೇಯ. 'ಮಡ್ಲು ತುಂಬ್ಕೊಂಡು ಎತ್ತಗ್ ಓಯ್ತಿದ್ದೀಯೇ' ಅಂತ ಕೇಳಿದ್ಲು ಅವತ್ತು."

"ಇರ್ಬೋದು" ಎಂದೆ.

ಆ ಒಂದು ಮಾತಿಗೆ ಅವಳು ಆ ಮುದುಕಿಯ ಮನೆಗೆ ಒಲೆಯ ಕೆಂಡಕ್ಕೂ ಹೋಗುವುದನ್ನು ನಿಲ್ಲಿಸಿದಳು. "ನಾನೇನ್ ಮಾಡ್ದೆ ಕಣಮ್ಮ" ಎಂದು ಮುದುಕಿ ಜಗಲಿಯಿಂದ ಕೇಳುತ್ತಿದ್ದಳು. ಕಾರಣ ತಿಳಿಯದೆಯೇ ಮಳೆಗಾಲದಲ್ಲಿ ತೀರಿಕೊಂಡಳು. ನನ್ನ ಹೆಂಡತಿ ಮುಖ ನೋಡಲು ಹೋಗಲಿಲ್ಲ. ನಾನು ಹೋಗಿ ಹೆಗಲು ಕೊಟ್ಟೆ.

ನಂತರ ಬಂದ ಕರುವನ್ನೂ ಅವಳೇ ಸಾಕಿದಳು. ಒಪ್ಪಿಸುವ ದಿನ ಮಾತ್ರ ಹೊರಗೆ ಬರಲಿಲ್ಲ.

"ನೀವೇ ಇಡ್ಕೊಂಡ್ ಓಗಿ. ಅಗ್ಗನೂ ಕೊಟ್ಬುಡಿ."

"ಹಗ್ಗ ಕೊಡೋ ಹಂಗಿಲ್ವಲ್ಲ."

"ಈ ಮನೇಲಿ ಬ್ಯಾಡ."

ಕೊಟ್ಟು ಬಂದೆ. ಅವಳಿಗೆ ತಿಳಿದಿತ್ತೋ ಏನೋ ಎಂದು ಅವಳಿರುವತನಕ ಅವಳ ಮುಖ ನೋಡಿ ಅನುಮಾನಪಟ್ಟೆ. ಚಾಡಿ ಹೇಳಿದವನು ನಾನು ಎಂಬ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಕೇಳಬೇಕಾದ ಇಬ್ಬರೂ ಹೋದ ಮೇಲೆ.